ಬಹುಭಾಷಿಕ ಕಚೇರಿ, ಕಾರ್ಖಾನೆಗಳಲ್ಲಿ ಅಧಿಕೃತ ಭಾಷಾ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಕೈಗಾರಿಕಾ ಘಟಕಗಳು, ಸಹಕಾರಿ ಬ್ಯಾಂಕುಗಳು, ಆಸ್ಪತ್ರೆಗಳು, ವಿದ್ಯಾಸಂಸ್ಥೆಗಳು ಹಾಗೂ ಗದಗ, ಹಾವೇರಿ ಕಡೆಯ ಕಚೇರಿಗಳವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೇಳಿದವರ ಮಾತನ್ನು ಆದಷ್ಟು ಅವರ ಧಾಟಿಯಲ್ಲಿಯೇ ಉಳಿಸಿಕೊಳ್ಳಲಾಗಿದೆ. ಬೇಕಾದ ಪ್ರಶ್ನೆಯನ್ನಷ್ಟೇ ಆರಿಸಿ ಓದಿಕೊಳ್ಳಬಹುದು.

## ಆರಂಭದ ಪ್ರಶ್ನೆಗಳು

“ನಮ್ಮಲ್ಲಿ ಎಲ್ಲಾರೂ ಹೆಂಗೋ ಮಾತಾಡಿಕೊಂಡು ಹೊಂಟೇವಿ. ಭಾಷಾ ನೀತಿ ಅಂತ ಬರದಿಡೂದು ಯಾಕ ಬೇಕು?”

ಮಾತಿನ ಮಟ್ಟಿಗೆ ನೀವು ಹೇಳುವುದು ನಿಜ. ಕನ್ನಡ, ಉರ್ದು, ಮರಾಠಿ, ತೆಲುಗು, ಹಿಂದಿ, ಕೊಂಕಣಿ, ಸಾವಜಿಯವರ ಮನೆಮಾತು, ಮಾರವಾಡಿ, ಗುಜರಾತಿ ಎಲ್ಲವೂ ಒಂದೇ ಪೇಟೆಯಲ್ಲಿ ಕಿವಿಗೆ ಬೀಳುವ ಹುಬ್ಬಳ್ಳಿಯಲ್ಲಿ ಎರಡು ಮೂರು ಭಾಷೆಗಳ ನಡುವೆ ಓಡಾಡುವುದು ಯಾರಿಗೂ ಹೊಸದಲ್ಲ. ತೊಡಕು ಹುಟ್ಟುವುದು ಕಾಗದದಲ್ಲಿ. ನೇಮಕಾತಿ ಪತ್ರಕ್ಕೆ ಸಹಿ ಹಾಕಿದ ನೌಕರನಿಗೆ ಅದರೊಳಗಿನ ನೋಟಿಸು ಅವಧಿಯ ಷರತ್ತು ಕೆಲಸ ಬಿಡುವ ದಿನ ಮೊದಲ ಬಾರಿಗೆ ಗೊತ್ತಾಗುವುದು, ಪಗಾರದಲ್ಲಿ ಯಾವ ಕಡಿತ ಯಾಕಾಯಿತೆಂದು ಕೇಳಲು ಪಾಳಿ ಮುಗಿಸಿ ಗುಮಾಸ್ತರ ಮುಂದೆ ಸರತಿ ನಿಲ್ಲುವುದು, ಇವೆಲ್ಲ ದಿನನಿತ್ಯದ ಸಂಗತಿಗಳು. ಬರೆದಿಡದಿದ್ದರೂ ನೀತಿಯೊಂದು ಇದ್ದೇ ಇರುತ್ತದೆ: ಪಗಾರದ ಸಾಫ್ಟ್‌ವೇರ್ ಯಾವ ಭಾಷೆಯಲ್ಲಿ ಚೀಟಿ ಮುದ್ರಿಸುತ್ತದೋ, ವ್ಯವಸ್ಥಾಪಕರಿಗೆ ಯಾವ ಭಾಷೆಯಲ್ಲಿ ಇಮೇಲ್ ಬರೆಯುವುದು ಸಲೀಸೋ, ಅದೇ ಯಾರ ಅನುಮತಿಯನ್ನೂ ಕೇಳದೆ ಆಡಳಿತ ಭಾಷೆಯಾಗಿ ಕುಳಿತುಬಿಡುತ್ತದೆ. ಬರೆದಿಟ್ಟ ನೀತಿಯನ್ನು ಪ್ರಶ್ನಿಸಬಹುದು, ತಿದ್ದಬಹುದು. ಬರೆದಿಡದ ನೀತಿಗೆ ಹೊಣೆಗಾರರೇ ಇರುವುದಿಲ್ಲ.

“ಆಡಳಿತ ಭಾಷೆ, ಕೆಲಸದ ಭಾಷೆ, ಸಂಪರ್ಕ ಭಾಷೆ ಇವೆಲ್ಲ ಒಂದೇ ಅಲ್ಲವೇ?”

ಒಂದೇ ಅಲ್ಲ. ಇವುಗಳನ್ನು ಕಲೆಸಿಬಿಟ್ಟರೆ ನೀತಿಯ ಕರಡು ಮೊದಲ ಸಭೆಯಲ್ಲಿಯೇ ಜಗಳಕ್ಕೆ ಸಿಕ್ಕಿ ನಿಂತುಹೋಗುತ್ತದೆ. ವಿಶ್ವಸಂಸ್ಥೆಗೆ ಅಧಿಕೃತ ಭಾಷೆಗಳು ಆರು. ಆದರೆ ಅದರ ಸಚಿವಾಲಯ ಕೆಲಸಕ್ಕೆ ಬಳಸುವುದು ಇಂಗ್ಲಿಷ್ ಮತ್ತು ಫ್ರೆಂಚ್. ಐರೋಪ್ಯ ಒಕ್ಕೂಟಕ್ಕೆ ಅಧಿಕೃತ ಭಾಷೆಗಳು 24 ಇದ್ದರೂ ಅದರ ಆಯೋಗದ ಒಳಗಿನ ಕಡತಗಳು ಸಾಗುವುದು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ. ಸಂಸ್ಥೆ ಯಾವ ಭಾಷೆಯಲ್ಲಿ ಹೊರಡಿಸಿದ ಕಾಗದಕ್ಕೆ ತಾನು ಬದ್ಧವೋ ಅದು ಅಧಿಕೃತ ಭಾಷೆ, ಅಂದರೆ ಆಡಳಿತ ಭಾಷೆ. ಒಳಗಿನ ಟಿಪ್ಪಣಿ, ವರದಿಗಳು ಯಾವುದರಲ್ಲಿ ಓಡಾಡುತ್ತವೆಯೋ ಅದು ಕೆಲಸದ ಭಾಷೆ. ಇಬ್ಬರು ಅಪರಿಚಿತರು ಯಂತ್ರದ ಪಕ್ಕದಲ್ಲಿ ನಿಂತು ಯಾವುದರಲ್ಲಿ ಮಾತು ತೆಗೆಯುತ್ತಾರೋ ಅದು ಸಂಪರ್ಕ ಭಾಷೆ. ಮೊದಲ ಎರಡನ್ನು ನೀತಿ ನಿರ್ಧರಿಸಬೇಕು. ಮೂರನೆಯದನ್ನು ಅದರ ಪಾಡಿಗೆ ಬಿಡುವುದು ಜಾಣತನ.

“ಹತ್ತಿಪ್ಪತ್ತು ಜನರ ಸಣ್ಣ ಸಂಸ್ಥೆಗೂ ಇದು ಬೇಕೇ?”

ಒಂದು ಪುಟದ ಠರಾವು ಸಾಕು. ಏಷ್ಯಾದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದ 1905ರ ಕಣಗಿನಹಾಳದ ಸಂಘ ಇರುವ ಗದಗ ಜಿಲ್ಲೆಯಲ್ಲಿ, ಠರಾವು ಪುಸ್ತಕವನ್ನೂ ಉಪವಿಧಿಗಳನ್ನೂ ಕನ್ನಡದಲ್ಲಿ ಇಟ್ಟುಕೊಂಡು ಬಂದ ಸಣ್ಣ ಸಂಘಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

## ಕಾನೂನಿನ ಪ್ರಶ್ನೆಗಳು

“ನಮ್ಮದು ಖಾಸಗಿ ಕಂಪನಿ. ಆಫೀಸಿನ ಭಾಷೆ ಯಾವುದು ಬೇಕೋ ಅದನ್ನು ಇಟ್ಟುಕೊಳ್ಳಬಹುದಲ್ಲ?”

ಬಹುಮಟ್ಟಿಗೆ ಹೌದು. 1963ರ ಕರ್ನಾಟಕ ರಾಜಭಾಷಾ ಅಧಿನಿಯಮ ರಾಜ್ಯದ ಆಡಳಿತಕ್ಕೆ ಸಂಬಂಧಿಸಿದ್ದು, ಖಾಸಗಿ ಸಂಸ್ಥೆಯ ಒಳಗಿನ ಪತ್ರವ್ಯವಹಾರಕ್ಕೆ ಅಲ್ಲ. 1872ರ ಭಾರತೀಯ ಕರಾರು ಅಧಿನಿಯಮವೂ ಕರಾರು ಇಂಥದೇ ಭಾಷೆಯಲ್ಲಿ ಇರಬೇಕೆಂದು ಹೇಳುವುದಿಲ್ಲ. ಆದರೆ ಈ ಸ್ವಾತಂತ್ರ್ಯಕ್ಕೆ ಕೆಲವು ಕಡೆ ಬೇಲಿಗಳಿವೆ, ಅವು ಇರುವುದು ನೌಕರನ ಮತ್ತು ಗ್ರಾಹಕನ ಹಿತ ಇರುವ ಜಾಗಗಳಲ್ಲಿಯೇ.

ಹೊರಗಿನ ನಾಮಫಲಕದ ವಿಷಯದಲ್ಲಿ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ಶೇಕಡ 60ರಷ್ಟು ಭಾಗ ಕನ್ನಡದಲ್ಲಿ ಇರಬೇಕು, ಕನ್ನಡ ಫಲಕದ ಮೇಲ್ಭಾಗದಲ್ಲಿ ಬರಬೇಕು. ಒಳಗೆ ಬಂದರೆ, 1948ರ ಕಾರ್ಖಾನೆಗಳ ಅಧಿನಿಯಮದ 108ನೇ ಪ್ರಕರಣವು ಪ್ರದರ್ಶಿಸಲೇಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. ನೌಕರರ ಕೆಲಸದ ಷರತ್ತುಗಳನ್ನು ಬರೆದಿಡುವ ಸ್ಥಾಯಿ ಆದೇಶಗಳ 1946ರ ಅಧಿನಿಯಮ ಮತ್ತು ವೇತನ ಪಾವತಿ ಅಧಿನಿಯಮಗಳೂ ಇದೇ ಸೂತ್ರವನ್ನು ಇಟ್ಟುಕೊಂಡಿದ್ದವು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಹಳೆಯ ಅಧಿನಿಯಮಗಳ ಸ್ಥಾನವನ್ನು ಪಡೆದಿರುವುದರಿಂದ, ಕರಡಿನಲ್ಲಿ ಪ್ರಕರಣ ಸಂಖ್ಯೆಗಳನ್ನು ನಮೂದಿಸುವ ಮುನ್ನ ನಿಮ್ಮ ಘಟಕಕ್ಕೆ ಈಗ ಅನ್ವಯಿಸುವ ನಿಯಮವನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಇನ್ನೊಂದನ್ನು ಬಹಳ ಸಂಸ್ಥೆಗಳು ಮರೆಯುತ್ತವೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮದ 9ನೇ ಪ್ರಕರಣದಂತೆ, ಲಿಖಿತ ದೂರು ಕೊಡಲಾಗದ ಮಹಿಳೆಗೆ ಅದನ್ನು ಬರವಣಿಗೆಗೆ ಇಳಿಸಲು ದೂರು ವಿಚಾರಿಸುವ ಸಮಿತಿಯೇ ನೆರವಾಗಬೇಕು. ದೂರಿನ ನಮೂನೆ ಇಂಗ್ಲಿಷಿನಲ್ಲಿ ಮಾತ್ರ ಇರುವ ಸಂಸ್ಥೆ ಈ ನಿಯಮದ ಆಶಯದಿಂದ ದೂರ ನಿಂತಿದೆ ಎಂದೇ ಹೇಳಬೇಕು.

“ನಮ್ಮದು ಕೇಂದ್ರ ಸರ್ಕಾರದ ಕಚೇರಿ. ಹಿಂದಿ, ಇಂಗ್ಲಿಷ್ ಇದ್ದರೆ ಸಾಕು, ಕನ್ನಡ ನಿಮ್ಮ ಖುಷಿ ಅಂತಾರೆ. ನಿಜವೇ?”

ಅರ್ಧ ನಿಜ. 1963ರ ಕೇಂದ್ರ ರಾಜಭಾಷಾ ಅಧಿನಿಯಮದ 3(3)ನೇ ಪ್ರಕರಣವು ಸಾಮಾನ್ಯ ಆದೇಶ, ಅಧಿಸೂಚನೆ, ಟೆಂಡರ್ ಮುಂತಾದ ದಸ್ತಾವೇಜುಗಳು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇರಬೇಕೆನ್ನುತ್ತದೆ. 1976ರ ರಾಜಭಾಷಾ ನಿಯಮಗಳು ಹಿಂದಿಯ ಬಳಕೆ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ದೇಶವನ್ನು ‘ಕ’, ‘ಖ’, ‘ಗ’ ಎಂಬ ಮೂರು ಪ್ರದೇಶಗಳಾಗಿ ವಿಂಗಡಿಸಿದ್ದು, ಕರ್ನಾಟಕ ‘ಗ’ ಪ್ರದೇಶಕ್ಕೆ ಸೇರಿದೆ. ಸಾರ್ವಜನಿಕರ ಕಣ್ಣಿಗೆ ಬೀಳುವ ಫಲಕಗಳಲ್ಲಿ ಮೊದಲು ರಾಜ್ಯದ ಭಾಷೆ, ಅನಂತರ ಹಿಂದಿ, ಕೊನೆಗೆ ಇಂಗ್ಲಿಷ್ ಎಂಬ ಕ್ರಮ ನಮ್ಮಲ್ಲಿ ಸಲ್ಲುತ್ತದೆ. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರಸ್ಥಾನವಾಗಿರುವ ಹುಬ್ಬಳ್ಳಿಯ ನಿಲ್ದಾಣದ ಫಲಕಗಳನ್ನು ನೋಡಿದವರಿಗೆ ಈ ಮೂರು ಭಾಷೆಗಳು ಪರಿಚಿತ.

ಕಚೇರಿಗೆ ಬರುವವರ ಹಕ್ಕು ಇದಕ್ಕಿಂತ ದೊಡ್ಡದು. ಸಂವಿಧಾನದ 350ನೇ ವಿಧಿಯಂತೆ ತನ್ನ ಕುಂದುಕೊರತೆಯ ಮನವಿಯನ್ನು ಯಾವುದೇ ವ್ಯಕ್ತಿ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. 2005ರ ಮಾಹಿತಿ ಹಕ್ಕು ಅಧಿನಿಯಮದ 6ನೇ ಪ್ರಕರಣವು ಇಂಗ್ಲಿಷ್, ಹಿಂದಿಯ ಜೊತೆಗೆ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿಯೂ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಹೀಗಿರುವಾಗ, ಧಾರವಾಡದಲ್ಲಿರುವ ಕೇಂದ್ರ ಕಚೇರಿಯೊಂದು ಕನ್ನಡ ಅರ್ಜಿಯನ್ನು ಓದಬಲ್ಲ ಒಬ್ಬರನ್ನಾದರೂ ಸ್ವೀಕೃತಿ ವಿಭಾಗದಲ್ಲಿ ಕೂರಿಸುವುದನ್ನು ಯಾರದೋ ಖುಷಿಗೆ ಬಿಡಲಾಗದು.

“ಕನ್ನಡ ಬಾರದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ನೀತಿಯಲ್ಲಿಯೇ ಬರೆದರೆ ಹೇಗೆ?”

ನೇಮಕಾತಿ ನೀತಿ, ಭಾಷಾ ನೀತಿ ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಡಿ. ಸ್ಥಳೀಯರ ಉದ್ಯೋಗದ ಪ್ರಶ್ನೆಗೆ ಅದರದೇ ಇತಿಹಾಸವಿದೆ: ಧಾರವಾಡವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯ ಸಮಿತಿ 1986ರಲ್ಲಿ ವರದಿ ಕೊಟ್ಟಿತು, ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ನೀಡುವ ಮಸೂದೆಯನ್ನು 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದರೂ ಕೂಡಲೇ ತಡೆಹಿಡಿಯಲಾಯಿತು. ಭಾಷಾ ನೀತಿಗೆ ಬೇಕಾದದ್ದು ಅದಕ್ಕಿಂತ ಸಣ್ಣ, ಖಚಿತವಾದ ಮಾತು: ಈ ಹುದ್ದೆಯವರು ಯಾರೊಡನೆ, ಯಾವ ಭಾಷೆಯಲ್ಲಿ ವ್ಯವಹರಿಸಬೇಕು? ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಆಯಾ ರಾಜ್ಯದ ಅಧಿಕೃತ ಭಾಷೆಯ ಪರಿಣತಿಯನ್ನು ಕೇಳುವುದು ಈ ತರ್ಕದಿಂದಲೇ. ಕೌಂಟರಿನಲ್ಲಿ ಕೂರುವವರಿಗೆ ಕನ್ನಡ ಓದು, ಬರಹ, ಮಾತು ಮೂರೂ ಬೇಕೆಂದು ಬರೆಯಿರಿ. ವೆಲ್ಡಿಂಗ್ ಮಾಡುವವರಿಗೆ ಎಚ್ಚರಿಕೆಯ ಮಾತು ತಿಳಿಯಬೇಕೆಂದು ಬರೆಯಿರಿ. ಮನೆಮಾತು ಯಾವುದೆಂದು ಅರ್ಜಿಯಲ್ಲಿ ಕೇಳುವ ಅಂಕಣಕ್ಕೆ ಇವೆರಡರಲ್ಲಿ ಯಾವುದಕ್ಕೂ ಸಂಬಂಧವಿಲ್ಲ.

## ನೀತಿಯನ್ನು ರೂಪಿಸುವಾಗ

“ಎಲ್ಲಿಂದ ಸುರು ಮಾಡಬೇಕು?”

ಕಾಗದಗಳಿಂದ. ‘ನಮ್ಮ ಸಂಸ್ಥೆಯ ಭಾಷೆ ಯಾವುದು’ ಎಂಬ ಚರ್ಚೆಯನ್ನು ಮೊದಲೇ ತೆಗೆದರೆ ಪ್ರತಿಯೊಬ್ಬರೂ ತಮ್ಮ ಅಭಿಮಾನವನ್ನು ಮೇಜಿನ ಮೇಲಿಡುತ್ತಾರೆ. ಅದರ ಬದಲು ಒಂದು ತಿಂಗಳಲ್ಲಿ ಸಂಸ್ಥೆಯಿಂದ ಹೊರಡುವ, ಸಂಸ್ಥೆಗೆ ಬರುವ ಎಲ್ಲ ಬಗೆಯ ಕಾಗದಗಳ ಒಂದೊಂದು ಪ್ರತಿಯನ್ನು ಒಟ್ಟು ಹಾಕಿ. ಹಾಜರಿ, ರಜಾ ಅರ್ಜಿ, ಪಗಾರ ಚೀಟಿ, ಓವರ್‌ಟೈಮ್ ಲೆಕ್ಕ, ಯಂತ್ರದ ಮೇಲಿನ ಸೂಚನೆ, ಅಪಘಾತ ವರದಿ, ಕಾರಣ ಕೇಳುವ ನೋಟಿಸು, ಗ್ರಾಹಕರ ರಸೀದಿ, ಲೆಕ್ಕ ತಪಾಸಣೆಯ ವರದಿ, ಬ್ಯಾಂಕಿಗೆ ಬರೆದ ಪತ್ರ ಎಲ್ಲವೂ ಅದರಲ್ಲಿ ಇರಲಿ. ಅನಂತರ ಒಂದೊಂದರ ಮೇಲೆಯೂ ಇದನ್ನು ಯಾರು ಬರೆಯುತ್ತಾರೆ, ಯಾರು ಓದಲೇಬೇಕು, ಓದಿ ತಪ್ಪು ತಿಳಿದರೆ ನಷ್ಟ ಯಾರಿಗೆ ಎಂದು ಗುರುತು ಹಾಕಿ.

ಈ ಕೊನೆಯ ಗುರುತೇ ನೀತಿಯ ಅಡಿಪಾಯ. ಲೆಕ್ಕ ತಪಾಸಣೆಯ ವರದಿ ಇಂಗ್ಲಿಷಿನಲ್ಲಿದ್ದು ಅದನ್ನು ತಪ್ಪು ತಿಳಿದರೆ ನಷ್ಟ ಸಂಸ್ಥೆಗೆ. ಅದು ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತದೆ. ಪಗಾರ, ಜೀವರಕ್ಷಣೆ, ಶಿಸ್ತುಕ್ರಮ ಈ ಮೂರಕ್ಕೆ ಸಂಬಂಧಿಸಿದ ಕಾಗದದಲ್ಲಿ ನಷ್ಟ ನೌಕರನಿಗೆ. ಆದ್ದರಿಂದ ಈ ಮೂರು ಬಗೆಯವು ನೌಕರ ಓದಬಲ್ಲ ಭಾಷೆಯಲ್ಲಿ ಇರಲೇಬೇಕು, ಉಳಿದವುಗಳಲ್ಲಿ ಅನುಕೂಲ, ಖರ್ಚು, ಅಭ್ಯಾಸಗಳಿಗೆ ಜಾಗವಿದೆ ಎಂಬುದು ಈ ಉತ್ತರಗಳನ್ನು ಬರೆಯುತ್ತಿರುವವನ ಖಚಿತ ಅಭಿಪ್ರಾಯ.

ಸಮೀಕ್ಷೆ ಮಾಡುವುದಾದರೆ ಮನೆಮಾತಿನ ಬದಲು ಓದುವ ಭಾಷೆಯನ್ನು ಕೇಳಿ. ಗದಗ ಜಿಲ್ಲೆಯ ತಾಂಡಾದಿಂದ ಬಂದವರು ಮನೆಯಲ್ಲಿ ಲಂಬಾಣಿ ಆಡಿದರೂ ಓದುವುದು ಕನ್ನಡ. ಹಳೇ ಹುಬ್ಬಳ್ಳಿಯ ಉರ್ದು ಮನೆಮಾತಿನ ಯುವಕ ಕನ್ನಡ ಶಾಲೆಯಲ್ಲಿ ಕಲಿತಿರಬಹುದು, ಉರ್ದು ಲಿಪಿ ಬಾರದೆಯೂ ಇರಬಹುದು. ಬಿಹಾರದಿಂದ ಬಂದವರು ಭೋಜಪುರಿ ಆಡಿದರೂ ಓದುವುದು ಹಿಂದಿ. ಓದಲು ಬಾರದವರೂ ಇರುತ್ತಾರೆ, ಅದನ್ನು ಬಹಿರಂಗವಾಗಿ ಹೇಳಿಕೊಳ್ಳಲು ಅವರಿಗೆ ಸಂಕೋಚ. ಹಾಗಾಗಿ ಸಮೀಕ್ಷೆಯನ್ನು ಮೇಲ್ವಿಚಾರಕರ ಕೈಗೆ ಕೊಡದೆ ಸಿಬ್ಬಂದಿ ವಿಭಾಗದವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವುದು ಒಳ್ಳೆಯದು.

“ಕನ್ನಡ ಪ್ರತಿಗೂ ಇಂಗ್ಲಿಷ್ ಪ್ರತಿಗೂ ವ್ಯತ್ಯಾಸ ಬಂದರೆ ಯಾವುದು ಅಧಿಕೃತ?”

ನೀತಿ ಇದನ್ನು ಮೊದಲೇ ಹೇಳಿರಬೇಕು, ತಕರಾರು ಬಂದ ಮೇಲೆ ತೀರ್ಮಾನಿಸಬಾರದು. ಸಂವಿಧಾನದ 348ನೇ ವಿಧಿಯು ಕಾನೂನುಗಳ ಅಧಿಕೃತ ಪಾಠ ಇಂಗ್ಲಿಷ್ ಎಂದು ನಿಗದಿ ಮಾಡಿದೆ. ರಾಜ್ಯ ವಿಧಾನಮಂಡಲ ಬೇರೆ ಭಾಷೆಯಲ್ಲಿ ಮಾಡಿದ ಕಾನೂನಿಗೂ ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ. ಇದನ್ನು ನೋಡಿ ಹಲವು ಸಂಸ್ಥೆಗಳು ತಮ್ಮ ಎಲ್ಲ ಕಾಗದಗಳ ಕೊನೆಯಲ್ಲಿಯೂ ‘ಇಂಗ್ಲಿಷ್ ಪ್ರತಿಯೇ ಅಂತಿಮ’ ಎಂಬ ಸಾಲನ್ನು ಸೇರಿಸಿಬಿಡುತ್ತವೆ. ಪೂರೈಕೆದಾರರೊಡನೆ ಮಾಡಿಕೊಂಡ ಕರಾರಿಗೆ ಅದು ಸರಿ. ನೌಕರನಿಗೆ ಕೊಟ್ಟ ಕನ್ನಡ ಆರೋಪಪಟ್ಟಿಯ ಮೇಲೆ ಅದೇ ಸಾಲನ್ನು ಅಚ್ಚು ಹಾಕಿದರೆ, ಆತ ಓದಿದ್ದಕ್ಕೆ ಬೆಲೆಯಿಲ್ಲ, ಓದಲಾಗದ್ದಕ್ಕೆ ಆತ ಹೊಣೆ ಎಂದು ಹೇಳಿದಂತೆ ಆಗುತ್ತದೆ. ಶಿಸ್ತುಕ್ರಮದಲ್ಲಿ ನೌಕರನ ಕೈಗೆ ತಲುಪಿಸಿದ ಪ್ರತಿಯೇ ಅಧಿಕೃತವೆಂದು ಬರೆಯಿರಿ. 1946ರ ಕೇಂದ್ರ ನಿಯಮಗಳಿಗೆ ಜೋಡಿಸಿದ ಮಾದರಿ ಸ್ಥಾಯಿ ಆದೇಶಗಳೂ, ವಿಚಾರಣೆಯ ನಡಾವಳಿಯನ್ನು ಹಿಂದಿ, ಇಂಗ್ಲಿಷ್ ಅಥವಾ ರಾಜ್ಯದ ಭಾಷೆ ಇವುಗಳಲ್ಲಿ ನೌಕರ ಬಯಸಿದ ಭಾಷೆಯಲ್ಲಿ ದಾಖಲಿಸಬೇಕೆಂದು ಹೇಳಿದ್ದವು.

“ಉರ್ದು, ಮರಾಠಿ, ತೆಲುಗು, ಹಿಂದಿ ಅಂತ ಎಲ್ಲದರಲ್ಲೂ ನೋಟಿಸು ಹಚ್ಚಬೇಕಾ? ಗೋಡೆ ಸಾಲೂದಿಲ್ಲ.”

ಎಲ್ಲ ನೋಟಿಸುಗಳನ್ನೂ ಎಲ್ಲ ಭಾಷೆಗಳಲ್ಲಿ ಹಾಕಿದರೆ ಯಾರೂ ಯಾವುದನ್ನೂ ಓದುವುದಿಲ್ಲ. ಕನ್ನಡ ಮತ್ತು ಇನ್ನೊಂದು ಭಾಷೆ ಎಂಬ ನಿಯಮ ಹೆಚ್ಚಿನ ಘಟಕಗಳಿಗೆ ಸಾಕಾಗುತ್ತದೆ; ಆ ಇನ್ನೊಂದು ಯಾವುದೆಂಬುದನ್ನು ಓದುವ ಭಾಷೆಯ ಸಮೀಕ್ಷೆ ಹೇಳಲಿ. ಜೀವಕ್ಕೆ ಅಪಾಯವಿರುವ ಕಡೆ ಸಂಖ್ಯೆಯ ಲೆಕ್ಕ ಹಾಕಬಾರದು, ಪಾಳಿಯಲ್ಲಿ ಒಬ್ಬನೇ ತೆಲುಗಿನವನಿದ್ದರೂ ಅವನಿಗೆ ತಿಳಿಯಬೇಕು. ಅಂಥ ಕಡೆ ಐಎಸ್‌ಒ 7010 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಚಿತ್ರಸಂಕೇತಗಳನ್ನು ಹಾಕಿ, ಅವುಗಳ ಅರ್ಥವನ್ನು ಸೇರಿದ ದಿನವೇ ಅವನ ಭಾಷೆಯಲ್ಲಿ ಬಾಯಿಮಾತಿನಲ್ಲಿ ಹೇಳಿ, ಅವನಿಂದ ತಿರುಗಿ ಹೇಳಿಸಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಅಂಥ ಅಂಗಳದಲ್ಲಿ ಫಲಕಕ್ಕಿಂತ ಧ್ವನಿವರ್ಧಕದ ಎರಡು ಭಾಷೆಯ ಪ್ರಕಟಣೆಯೇ ಹೆಚ್ಚು ಜನರನ್ನು ಮುಟ್ಟುತ್ತದೆ.

“ಊಟದ ಹೊತ್ತಿನ್ಯಾಗ ಅವರವರ ಭಾಷಾದಾಗ ಮಾತಾಡಿಕೋತ ಕುಂದರ್ತಾರ. ಅದನ್ನ ಬಂದ್ ಮಾಡಬೇಕೇನ್ರಿ?”

ಬೇಡ. ಯಂತ್ರ ನಡೆಯುತ್ತಿರುವಾಗ, ರೋಗಿಯ ಮುಂದೆ, ಗ್ರಾಹಕರ ಮುಂದೆ ಯಾವ ಭಾಷೆ ಎಂದು ನೀತಿ ಹೇಳಬಹುದು. ಊಟದ ಡಬ್ಬಿಯ ಮುಂದೆ ಅದರ ಅಧಿಕಾರ ಮುಗಿಯುತ್ತದೆ.

## ನೀತಿಯನ್ನು ನಡೆಸುವಾಗ

“ತರ್ಜುಮೆ ಎಲ್ಲಾ ನನ್ನ ತಲಿ ಮ್ಯಾಲೇ ಬೀಳ್ತೈತ್ರಿ. ನನ್ನ ಕೆಲಸ ಹಿಂದ ಉಳಿದ್ರ ಬೈಸಿಕೊಳ್ಳೂದೂ ನಾನೇ. ಇದಕ್ಕ ನೀತಿಯೊಳಗ ಏನರ ದಾರಿ ಐತೇನು?”

ಇದು ಎಲ್ಲ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಬಾರಿ ಬಂದದ್ದು. ಕೇಳುವವರು ಬಹುಪಾಲು ಸ್ವಾಗತ ಮೇಜಿನಲ್ಲಿ, ಸಿಬ್ಬಂದಿ ವಿಭಾಗದಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡುವ ಮಹಿಳೆಯರು. ಮೂರ್ನಾಲ್ಕು ಭಾಷೆ ಬಲ್ಲವರನ್ನು ‘ನಿನಗ ಬರ್ತದಲ್ಲಾ, ಒಂದೀಟು ಬರದುಕೊಡು’ ಎಂದು ಕರೆಯುವುದು ನಮ್ಮಲ್ಲಿ ತೀರ ಸಹಜವೆನಿಸಿದೆ. ಆ ಒಂದೀಟು ದಿನಕ್ಕೆ ಎರಡು ತಾಸಾದಾಗ ಅದರ ಲೆಕ್ಕ ಯಾವ ಹಾಜರಿ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಎರಡು ಭಾಷೆಗಳಲ್ಲಿ ಕಾಗದ ಹೊರಡಿಸುವೆನೆಂದು ಒಪ್ಪಿಕೊಂಡ ಸಂಸ್ಥೆ ಅದರ ಖರ್ಚನ್ನೂ ಒಪ್ಪಿಕೊಂಡಿರಬೇಕು.

ನೀತಿಯಲ್ಲಿ ಅನುವಾದವನ್ನು ಕೆಲಸವೆಂದು ಹೆಸರಿಸಿ ಬರೆಯುವುದು ಮೊದಲ ಹೆಜ್ಜೆ. ಯಾರು ಮಾಡುತ್ತಾರೋ ಅವರ ಕರ್ತವ್ಯಪಟ್ಟಿಯಲ್ಲಿ ಅದು ಸೇರಬೇಕು, ಅದಕ್ಕೆ ತಕ್ಕಷ್ಟು ಬೇರೆ ಕೆಲಸ ಇಳಿಯಬೇಕು ಅಥವಾ ಭತ್ಯೆ ದೊರೆಯಬೇಕು. ಅನುವಾದಕ್ಕೆ ಕೊಡಬೇಕಾದ ಕನಿಷ್ಠ ಸಮಯವನ್ನೂ ನಮೂದಿಸಿ. ಸಂಜೆ ಐದಕ್ಕೆ ಕರಡು ಕೊಟ್ಟು ಐದೂವರೆಗೆ ಕನ್ನಡ ಪ್ರತಿ ಕೇಳುವ ಪದ್ಧತಿ ಇದರಿಂದ ನಿಲ್ಲುತ್ತದೆ. ಕಾನೂನಿನ ಅಥವಾ ವೈದ್ಯಕೀಯ ಪರಿಣಾಮವಿರುವ ಕಾಗದವನ್ನು ಭಾಷೆ ಬಲ್ಲವರೆಂಬ ಒಂದೇ ಕಾರಣಕ್ಕೆ ಯಾರಿಗೂ ಒಪ್ಪಿಸಬಾರದು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಕಾವಲುಗಾರ ಉರ್ದುವಿನಲ್ಲಿ ವಿವರಿಸಿ ಸಹಿ ಹಾಕಿಸುವುದರಲ್ಲಿ ಆತನ ತಪ್ಪಿಲ್ಲ, ಅದಕ್ಕೆ ಅವನನ್ನು ಕರೆಸಿದವರದು ತಪ್ಪು.

“ಪುಸ್ತಕದ ಕನ್ನಡ ನಮ್ಮ ಕೆಲಸಗಾರರಿಗೆ ತಿಳಿಯುವುದಿಲ್ಲ. ಆಡುಮಾತಿನಲ್ಲಿ ಬರೆಯಬಹುದೇ?”

ವಾಕ್ಯ ಬರಹದ ಕನ್ನಡದಲ್ಲಿ ಇರಲಿ, ಪದಗಳು ಅಂಗಳದಲ್ಲಿ ಓಡಾಡುವವು ಇರಲಿ. ಪಗಾರ, ಪಾಳಿ, ಹಾಜರಿ, ಸೂಟಿ ಎಂದರೆ ಎಲ್ಲರಿಗೂ ತಿಳಿಯುವಾಗ ಕಠಿಣ ಸಂಸ್ಕೃತ ಪದವನ್ನು ಹುಡುಕುವ ಅಗತ್ಯವಿಲ್ಲ. ಬಾಯ್ಲರ್, ಫ್ಯೂಸ್, ವಾಲ್ವ್ ಎಂಬವು ಕನ್ನಡ ಲಿಪಿಯಲ್ಲಿ ಹಾಗೆಯೇ ಇರಲಿ. ಒಂದು ವಸ್ತುವಿಗೆ ಎಲ್ಲ ಕಾಗದಗಳಲ್ಲಿಯೂ ಒಂದೇ ಪದ ಬರುವಂತೆ ಸಣ್ಣ ಪದಪಟ್ಟಿ ಮಾಡಿಕೊಳ್ಳಿ.

“ಹಳೆಯ ನುಡಿ, ಬರಹ ಕಡತಗಳು ಈಗ ತೆರೆಯುವುದಿಲ್ಲ. ಗಣಕಯಂತ್ರದ ಅನುವಾದ ನಂಬಬಹುದೇ?”

ಎರಡೂ ಬೇರೆ ಬೇರೆ ವಿಷಯಗಳು, ಆದರೆ ಒಟ್ಟಿಗೇ ಬರುತ್ತವೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳು, ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಬರೆದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ಇನ್ನು ಮುಂದಿನ ಎಲ್ಲ ಕನ್ನಡ ಕಾಗದಗಳು ಯೂನಿಕೋಡಿನಲ್ಲಿ ಇರಬೇಕೆಂಬ ಒಂದು ಸಾಲು ನೀತಿಯಲ್ಲಿ ಇರಲಿ. ಬಳಕೆಯಲ್ಲಿರುವ ಹಳೆಯ ನಮೂನೆಗಳನ್ನು ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಯಂತ್ರಾನುವಾದ ಮೊದಲ ಕರಡಿಗೆ ಒದಗುತ್ತದೆ. ‘ಕೂಡದು’, ‘ಹೊರತು’, ‘ಮೀರದಂತೆ’ ಎಂಬಂಥ ನಿಷೇಧ ಮತ್ತು ಷರತ್ತಿನ ಪದಗಳಲ್ಲಿ ಅದು ಎಡವುವ ಸಂಭವ ಹೆಚ್ಚು, ಎಡವಿದ್ದು ಗೊತ್ತಾಗದಷ್ಟು ನಯವಾಗಿಯೂ ಬರೆಯುತ್ತದೆ. ಎರಡೂ ಭಾಷೆ ಬಲ್ಲ ಒಬ್ಬರು ಓದಿ ಸಹಿ ಮಾಡದೆ ಅಂಥ ಪ್ರತಿ ಹೊರಬೀಳಬಾರದು. ಅವರಿಗೂ ತರ್ಜುಮೆಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಹೇಳಿದ ಸಮಯ, ಭತ್ಯೆ ಸಲ್ಲಬೇಕು.

## ಇನ್ನೂ ಬಿಡಿಸಿ ಕೇಳಿದವು

“ಬಡ್ತಿಗೆ ಇಂಗ್ಲಿಷ್ ಕಡ್ಡಾಯ ಮಾಡಿದರೆ ತಪ್ಪೇನು? ಮೇಲಿನ ಹುದ್ದೆಗೆ ಅದು ಬೇಕೇ ಬೇಕು.”

ಬೇಕಾಗಿದ್ದರೆ ಎಷ್ಟು ಬೇಕೆಂದು ಅಳೆದು ಹೇಳಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಮಾನ ಚಾಲಕರು ಮತ್ತು ಸಂಚಾರ ನಿಯಂತ್ರಕರ ಭಾಷೆಯನ್ನು ಆರು ಮಟ್ಟಗಳಲ್ಲಿ ಅಳೆಯುತ್ತದೆ. ಕನಿಷ್ಠ ನಾಲ್ಕನೆಯ ಮಟ್ಟ ಇರಬೇಕು, ಉಚ್ಚಾರಣೆ, ಗ್ರಹಿಕೆ, ಸಂವಾದ ಎಲ್ಲವನ್ನೂ ಆಕಾಶದಲ್ಲಿ ನಡೆಯುವ ಮಾತುಕತೆಯ ಅಗತ್ಯಕ್ಕೆ ಹೊಂದಿಸಿ ನೋಡಲಾಗುತ್ತದೆ. ಇದಕ್ಕೆ ಎದುರಾದ ದಾರಿ ಜಪಾನಿನ ರಾಕುಟೆನ್ ಕಂಪನಿಯದು: 2010ರಲ್ಲಿ ಇಂಗ್ಲಿಷನ್ನು ಸಂಸ್ಥೆಯ ಭಾಷೆಯೆಂದು ಘೋಷಿಸಿ, ಎರಡು ವರ್ಷಗಳ ಗಡುವಿಟ್ಟು, ಬಡ್ತಿಯನ್ನು ಪರೀಕ್ಷೆಯ ಅಂಕಗಳಿಗೆ ಜೋಡಿಸಿತು. ಹೊರದೇಶಗಳಲ್ಲಿ ವಹಿವಾಟು ವಿಸ್ತರಿಸಲು ಹೊರಟ ಕಂಪನಿಗೆ ಅದರಲ್ಲಿ ಅರ್ಥವಿತ್ತು. ಆದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಘಟಕವೊಂದರಲ್ಲಿ ಕನ್ನಡದಲ್ಲಿಯೇ ಪಾಳಿ ನಡೆಸಬೇಕಾದ ಮೇಲ್ವಿಚಾರಕ ಹುದ್ದೆಗೆ ಇಂಗ್ಲಿಷ್ ಸಂದರ್ಶನ ಇಟ್ಟರೆ, ಯಂತ್ರ ಬಲ್ಲ ಹಿರಿಯ ಕೆಲಸಗಾರ ಕೆಳಗೇ ಉಳಿದು, ಇಂಗ್ಲಿಷ್ ಬಲ್ಲ ಹೊಸಬ ಅವನನ್ನೇ ಕೇಳಿ ಕೆಲಸ ಮಾಡಿಸುತ್ತಾನೆ. ವಾರದ ವರದಿಯನ್ನು ಇಂಗ್ಲಿಷಿನಲ್ಲಿ ತುಂಬಬೇಕಾದ ಹುದ್ದೆಯಾದರೆ ಆ ನಮೂನೆಯನ್ನೇ ಪರೀಕ್ಷೆಯಾಗಿ ಕೊಡಿ; ಕಲಿಯಲು ಕೆಲಸದ ವೇಳೆಯಲ್ಲಿಯೇ ಅವಕಾಶ ಮಾಡಿ. ಹೊರಗಿನಿಂದ ಬಂದ ಅಧಿಕಾರಿಗಳು ಕನ್ನಡ ಕಲಿಯಲೂ ಅದೇ ಸವಲತ್ತು ಇರಲಿ.

“ಮುಖ್ಯ ಕಚೇರಿ ಬೇರೆ ರಾಜ್ಯದಲ್ಲಿದೆ, ಇಂಗ್ಲಿಷ್ ಮಾತ್ರ ಅನ್ನುತ್ತದೆ. ಶಾಖೆಯವರು ನಾವೇನು ಮಾಡಲಾದೀತು?”

ಮುಖ್ಯ ಕಚೇರಿಯೊಡನೆ ಇಂಗ್ಲಿಷಿನಲ್ಲಿಯೇ ವ್ಯವಹರಿಸಿ, ಅದರಲ್ಲಿ ಹೋರಾಡುವಂಥದ್ದೇನೂ ಇಲ್ಲ. ಶಾಖೆಯ ಮಟ್ಟಕ್ಕೆ ಒಂದು ಅನುಬಂಧವನ್ನು ಕೇಳಿ ಪಡೆಯಿರಿ. ಅಭಿಮಾನದ ಮಾತಿಗಿಂತ ನಾಮಫಲಕದ ನಿಯಮ, ಸೂಚನಾ ಫಲಕದ ನಿಯಮ, ದೂರಿನ ನಿಯಮಗಳನ್ನು ಮುಂದಿಟ್ಟರೆ ಕಾನೂನು ವಿಭಾಗದವರು ಬೇಗ ಒಪ್ಪುತ್ತಾರೆ.

“ನೀತಿ ಪಾಲನೆ ಆಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?”

ಎಷ್ಟು ಕಾಗದಗಳು ಕನ್ನಡದಲ್ಲಿ ಹೊರಬಿದ್ದವೆಂದು ಎಣಿಸುವ ಪದ್ಧತಿ ಸರ್ಕಾರಿ ಕಚೇರಿಗಳಿಂದ ಬಂದದ್ದು. ಅದು ಕಡತಕ್ಕೆ ಅಂಕಿ ಕೊಡುತ್ತದೆ, ತಿಳಿವಳಿಕೆ ಕೊಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ವಿಭಾಗಗಳ ಕೆಲವ‌ರನ್ನು ಕರೆದು, ಅವರದೇ ಪಗಾರ ಚೀಟಿಯನ್ನು ಕೈಗಿತ್ತು, ಈ ತಿಂಗಳು ಯಾವುದು ಯಾಕೆ ಕಡಿತವಾಗಿದೆ ಎಂದು ಅವರಿಂದಲೇ ಹೇಳಿಸಿ. ಇತ್ತೀಚಿನ ಸುರಕ್ಷತಾ ಸೂಚನೆಯ ಮುಂದೆ ನಿಲ್ಲಿಸಿ, ಏನು ಮಾಡಬಾರದೆಂದು ಬರೆದಿದೆ ಎಂದು ಕೇಳಿ. ಅವರಿಗೆ ಹೇಳಲಾಗದಿದ್ದರೆ ಅದು ಕಾಗದದ ದೋಷವೆಂದು ದಾಖಲಿಸಿ, ನೌಕರನ ದೋಷವೆಂದಲ್ಲ. ಆ ಕಾಗದವನ್ನು ಬರೆದ ವಿಭಾಗಕ್ಕೆ ತಿದ್ದಲು ಹಿಂದಿರುಗಿಸಿ, ಮುಂದಿನ ಸುತ್ತಿನಲ್ಲಿ ಅದನ್ನೇ ಮೊದಲು ಪರೀಕ್ಷೆಗೆ ಇಡಿ.